ಬಣ್ಣ ಬಳಿಯುವ ಮುನ್ನ ನೀರಿನ ದಾರಿ ಹುಡುಕಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಂತೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಬಣ್ಣದ ಅಂಗಡಿಗಳಲ್ಲಿ ವಾಟರ್‌ಪ್ರೂಫ್ ಡಬ್ಬ, ಗೋಡೆ ಪುಟ್ಟಿಯ ಚೀಲ ಜೋರಾಗಿ ಖರ್ಚಾಗುತ್ತವೆ. ಸಣ್ಣ ಕೆಲಸಕ್ಕೆ ಗೌಂಡಿ ಸಿಗುವುದು ಕಷ್ಟ. ಸಿಕ್ಕರೂ ಎರಡು ತಾಸಿನ ಕೆಲಸಕ್ಕೆ ಇಡೀ ದಿನದ ಕೂಲಿ ಕೊಡಬೇಕು. ಹಾಗಾಗಿ ಮನೆಯವರೇ ತಾಪಿ, ಬ್ರಷ್ಷು ಹಿಡಿಯುವುದು ಹೆಚ್ಚಾಗಿದೆ. ಕೈಲಾಗುವ ಕೆಲಸವನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂದು ನೋಡದೆ, ಅದು ಕಾಣಿಸಿಕೊಂಡ ಜಾಗಕ್ಕೆ ದುಡ್ಡು ಸುರಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ಗೋಡೆ ಉಬ್ಬಿದರೆ ಪುಟ್ಟಿ, ಛತ್ತು ಸೋರಿದರೆ ಡಬ್ಬ; ಮುಂದಿನ ವರ್ಷ ಅದೇ ಜಾಗ, ಅದೇ ಖರ್ಚು. ಈ ಭಾಗದ ಎರೆ (ಕಪ್ಪು) ಮಣ್ಣು, ಸವಳು (ಉಪ್ಪಿನಂಶದ) ನೀರು, ಬಿಸಿಲು ಮೂರನ್ನೂ ಲೆಕ್ಕಕ್ಕೆ ಹಿಡಿದು, ಸ್ವಂತ ಕೈಯಿಂದ ದುರಸ್ತಿ ಮಾಡಿಕೊಳ್ಳುವ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ಹೊತ್ತಿನ ವಿಚಾರ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಜೂನ್ ಬಂತೆಂದು ಗಾಬರಿಬಿದ್ದು ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕಾಗಿಲ್ಲ. ಗಾಬರಿಯಲ್ಲಿ ಮಾಡಿದ ಕೆಲಸ ಮೇ ತಿಂಗಳ ಮಧ್ಯಾಹ್ನ ನಡೆಯುತ್ತದೆ, ಅಲ್ಲೇ ಕೆಡುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಕಾಂಕ್ರೀಟ್ ಛತ್ತಿನ ಮೈ 60 ಡಿಗ್ರಿ ದಾಟುತ್ತದೆ. ಅಂಥ ಛತ್ತಿನ ಮೇಲೆ ಬಳಿದ ಯಾವುದೇ ದ್ರವ ಮೇಲುಮೇಲೆ ಒಣಗಿ ಸಿಪ್ಪೆ ಕಟ್ಟುತ್ತದೆ, ಒಳಗಿನ ನೀರು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಗಾರೆ ಹಾಕಿದರೆ ಸಿಮೆಂಟು ಗಟ್ಟಿಯಾಗುವ ಮೊದಲೇ ನೀರು ಹಾರಿಹೋಗಿ ಪುಡಿಪುಡಿಯಾಗುತ್ತದೆ. ಛತ್ತಿನ ಕೆಲಸವೇನಿದ್ದರೂ ಬೆಳಿಗ್ಗೆ 6ರಿಂದ 9, ಇಲ್ಲವೇ ಸಂಜೆ 5ರ ಮೇಲೆ.

ಇನ್ನು ಸೋರುವ ಆರ್‌ಸಿಸಿ ಛತ್ತು. ಒಳಗೆ ಕಲೆ ಬಿದ್ದ ಜಾಗದ ನೆತ್ತಿಯ ಮೇಲೆಯೇ ತೂತು ಇರುತ್ತದೆ ಎಂದು ನಂಬಬೇಡಿ. ನೀರು ಮೇಲಿನ ಗಾರೆಯ ಅಡಿಯಲ್ಲಿ ಹರಿದು, ಸರಳಿನ ಗುಂಟ ಸಾಗಿ, ಹತ್ತಡಿ ಆಚೆ ತೊಟ್ಟಿಕ್ಕುವುದು ಮಾಮೂಲು. ಹುಡುಕುವುದಕ್ಕೆ ಖರ್ಚಿಲ್ಲದ ದಾರಿ ಇದೆ. ಛತ್ತು ಗುಡಿಸಿ, ನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಬೆಣೆ ಹೊಡೆಯಿರಿ. ನಾದಿದ ಎರೆ ಮಣ್ಣಿನಿಂದ ಮೂರಿಂಚು ಎತ್ತರದ ಬದು ಹಾಕಿ ಛತ್ತನ್ನು ನಾಲ್ಕು ಪಾಲು ಮಾಡಿ. ಎಲ್ಲಕ್ಕಿಂತ ತಗ್ಗಿನ ಪಾಲಿನಿಂದ ಶುರುಮಾಡಿ, ಅದೊಂದರಲ್ಲೇ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. 150 ಚದರಡಿಗೆ ಒಂದಿಂಚು ಎಂದರೆ ಸುಮಾರು 350 ಲೀಟರ್. ಅದೇ ನೀರನ್ನು ಮುಂದಿನ ಪಾಲಿಗೆ ಎತ್ತಿ ಹಾಕಬಹುದು. ಒಳಗೆ ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ದಿನ, ಹೊತ್ತು ಬರೆದಿಡಿ. ಯಾವ ಪಾಲಿಗೆ ನೀರು ನಿಲ್ಲಿಸಿದಾಗ ಕಲೆ ಗೆರೆ ದಾಟಿತೋ ಅಲ್ಲಿಗೆ ಹುಡುಕಾಟ ಇಳಿಯಿತು. ಯಾವ ಪಾಲಿಗೂ ದಾಟದಿದ್ದರೆ ನೀರಿನ ಟಾಕಿಯ ಬುಡ, ಅದರ ತುಂಬಿ ಹರಿಯುವ ಪೈಪು, ಮೇಲ್ಮಹಡಿಯ ಬಚ್ಚಲು ನೋಡಬೇಕು. ಆದರೆ ಮಣ್ಣಿನ ಮಾಳಿಗೆಯ (ಕಟ್ಟಿಗೆಯ ಜಂತಿಗಳ ಮೇಲೆ ಮಣ್ಣು ಹೊದಿಸಿದ ಸೂರು) ಮೇಲೆ ಈ ಪರೀಕ್ಷೆ ಎಂದೂ ಮಾಡಬೇಡಿ.

ಇಷ್ಟು ಮಾಡಿದರೆ ಹೆಚ್ಚಿನ ಮನೆಗಳಲ್ಲಿ ತಪ್ಪು ಸಿಗುವುದು ಬಯಲಿನ ನಡುವೆ ಅಲ್ಲ, ಅಂಚಿನಲ್ಲಿ. ಪ್ಯಾರಾಪೆಟ್ ಗೋಡೆ ಛತ್ತಿಗೆ ಕೂಡುವ ಮೂಲೆ, ನೀರಿನ ಪೈಪಿನ ಕುತ್ತಿಗೆ, ಡಿಶ್ ಆಂಟೆನಾ ಕೂರಿಸಲು ಹೊಡೆದ ಬೋಲ್ಟಿನ ತೂತು, ಇವೇ ಕಳ್ಳದಾರಿಗಳು. ಅದರ ಜೊತೆಗೆ ಮುಂದೊಂದು ದಿನ ಮಹಡಿ ಎಬ್ಬಿಸೋಣ ಎಂದು ಕಂಬದ ತಲೆಯ ಮೇಲೆ ಬಿಟ್ಟ ಸರಳುಗಳು. ನಮ್ಮ ಊರುಗಳಲ್ಲಿ ಇವಿಲ್ಲದ ಛತ್ತು ಅಪರೂಪ. ತುಕ್ಕು ಹಿಡಿದ ಸರಳಿನ ಗುಂಟ ನೀರು ನೇರ ಕಂಬದೊಳಗೆ ಇಳಿಯುತ್ತದೆ, ಸೋರಿಕೆ ನಿಂತರೂ ಕಂಬ ಒಳಗೊಳಗೆ ಹಾಳಾಗುತ್ತಿರುತ್ತದೆ. ಸರಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಿಮೆಂಟು ತಿಳಿ (ನೀರಲ್ಲಿ ಕಲಸಿದ ಸಿಮೆಂಟು) ಎರಡು ಸಲ ಬಳಿದು, ಸುತ್ತ ಹಲಗೆ ಕಟ್ಟಿ, ಒಂದಡಿ ಎತ್ತರಕ್ಕೆ 1:4:8ರ (ಸಿಮೆಂಟು ಒಂದು, ಉಸುಕು ನಾಲ್ಕು, ಜಲ್ಲಿ ಎಂಟು ಪಾಲು) ಬಡ ಕಾಂಕ್ರೀಟು ತುಂಬಿ ತಲೆಯನ್ನು ಇಳಿಜಾರು ಮಾಡಿ. ಮಹಡಿ ಎಬ್ಬಿಸುವ ದಿನ ಬಂದಾಗ ಸುತ್ತಿಗೆಯಿಂದ ಸುಲಭವಾಗಿ ಒಡೆಯುತ್ತದೆ. ಅದಕ್ಕಿಂತ ಮೇಲೆ ನಿಂತ ಸರಳಿಗೂ ಸಿಮೆಂಟು ತಿಳಿ ಬಳಿದು ಪ್ಲಾಸ್ಟಿಕ್ ಚೀಲ ಕಟ್ಟಿಡಿ.

ಪ್ಯಾರಾಪೆಟ್ ಮೂಲೆಗೆ ಮೂರಿಂಚು ಅಗಲ, ಮೂರಿಂಚು ಎತ್ತರದ ಗೋಲು ಗಾರೆ, ಎಂದರೆ ಮೂಲೆ ಮುಚ್ಚುವ ಇಳಿಜಾರು ಗಾರೆ ಕೊಡಬೇಕು. 30×20 ಅಡಿಯ ಛತ್ತಿನ ಸುತ್ತಳತೆ 100 ಅಡಿ. 1:3 ಗಾರೆಯಲ್ಲಿ ಇದಕ್ಕೆ ಒಂದು ಚೀಲ ಸಿಮೆಂಟು, ಮೂರೂವರೆ ಘನ ಅಡಿ ತೊಳೆದ ಉಸುಕು ಸಾಕು. ಹಳೆ ಗಾರೆಯ ನುಣುಪಿನ ಮೇಲೆ ಇದನ್ನು ಮೆತ್ತಿದರೆ ಒಂದು ಬೇಸಿಗೆಯಲ್ಲಿ ಸಿಪ್ಪೆಯಂತೆ ಎದ್ದುಬರುತ್ತದೆ. ಉಳಿಯಿಂದ ಕಚ್ಚು ಹೊಡೆದು, ರಾತ್ರಿ ನೆನೆಸಿ, ಬೆಳಿಗ್ಗೆ ಲೇಟೆಕ್ಸ್ ದ್ರವ ಬೆರೆಸಿದ ಸಿಮೆಂಟು ತಿಳಿ ಬಳಿದು, ಅದು ಅಂಟಂಟಾಗಿರುವಾಗಲೇ ಗಾರೆ ಒತ್ತಿ. ತಿಳಿ ಪೂರ್ತಿ ಒಣಗಿದ ಮೇಲೆ ಒತ್ತಿದರೆ ಅದು ಅಂಟುವ ಬದಲು ಬಿಡಿಸುವ ಪದರವಾಗುತ್ತದೆ. ಈ ಒಂದು ತಪ್ಪಿನಿಂದಲೇ ದುರಸ್ತಿಗಳು ಕೈಕೊಡುವುದು ಹೆಚ್ಚು. ನಂತರ ಏಳು ದಿನ ಗೋಣಿತಾಟು ಹೊದಿಸಿ ತೇವ ಇಡಿ. ಪೈಪಿನ ಕುತ್ತಿಗೆಯ ಸುತ್ತ ಒಂದಿಂಚು ಅಗಲ, ಒಂದಿಂಚು ಆಳ ಕೆತ್ತಿ, ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟು ಮಿಶ್ರಣ) ತುಂಬಿ, ಬಾಯಿಗೆ ಜಾಲರಿ ಕೂರಿಸಿ. ಬೇವಿನೆಲೆ ಸಿಕ್ಕಿಕೊಂಡ ಒಂದು ಪೈಪು ಇಡೀ ಛತ್ತನ್ನು ಕೆರೆ ಮಾಡುತ್ತದೆ. ಸುಮಾರು 400 ಚದರಡಿಗೆ ಒಂದು ನಾಲ್ಕಿಂಚಿನ ಪೈಪು ಇರಲಿ.

ಬಿರುಕು ಎಳೆಯಷ್ಟೇ ಇದ್ದರೂ ಮೇಲೆ ಬಳಿದರೆ ನಿಲ್ಲದು. ಅದರ ಗುಂಟ ಅರ್ಧ ಇಂಚು ಅಗಲ, ಅಷ್ಟೇ ಆಳದ ಕಾಲುವೆ ಕೆತ್ತಿ, ದೂಳು ಊದಿ ತೆಗೆದು, ಪಾಲಿಮರ್ ಗಾರೆ (ಲೇಟೆಕ್ಸ್‌ನಂಥ ದ್ರವ ಬೆರೆಸಿದ ಗಾರೆ) ಇಲ್ಲವೇ ರಬ್ಬರಿನಂತೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಬೇಕು. ಗೋಡೆ ಛತ್ತಿಗೆ ತಾಗುವ ಕಡೆ, ಒಳಗಿನಿಂದ ಕಾಣುವ ಅಡ್ಡ ಬಿರುಕಿಗೆ ಸಿಮೆಂಟು ಎಂದೂ ತುಂಬಬೇಡಿ. ಹಗಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವ ಛತ್ತು ಅದನ್ನು ಉದುರಿಸಿಯೇ ತೀರುತ್ತದೆ. ಅಲ್ಲಿಗೆ ಸೀಲಂಟೇ ಗತಿ.

ಇದೆಲ್ಲ ಆದ ಮೇಲೆ ಡಬ್ಬ ತೆರೆಯಿರಿ. ಅಂಗಡಿಯಲ್ಲಿ ಸಿಗುವ ಲೇಪನಗಳು ಮುಖ್ಯವಾಗಿ ಎರಡು ಜಾತಿ, ಅವುಗಳ ಬೇಡಿಕೆ ಒಂದಕ್ಕೊಂದು ಉಲ್ಟಾ. ಪುಡಿ ಮತ್ತು ದ್ರವ ಬೆರೆಸುವ ಸಿಮೆಂಟಿನ ಲೇಪನಕ್ಕೆ ಛತ್ತು ಒದ್ದೆಯಾಗಿರಬೇಕು, ನೀರು ಮಾತ್ರ ನಿಂತಿರಬಾರದು. ಡಬ್ಬದಿಂದ ನೇರ ಬಳಿಯುವ ಅಕ್ರಿಲಿಕ್ ಲೇಪನಕ್ಕೆ ಛತ್ತು ಪೂರ್ತಿ ಒಣಗಿರಬೇಕು. ಯಾವುದು ತಂದಿದ್ದೀರಿ ಎಂದು ಓದದೆ ಬಳಿದರೆ ಎರಡೂ ಕೆಡುತ್ತವೆ. ಎರಡು ಕೈ ಬಳಿಯಿರಿ: ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ನಡುವೆ ಡಬ್ಬದ ಮೇಲೆ ಬರೆದಷ್ಟು ಗಂಟೆ ಬಿಡುವು. ಮೂಲೆಗಳಲ್ಲಿ ಮೊದಲ ಕೈ ಹಸಿಯಿರುವಾಗಲೇ ಆರಿಂಚು ಅಗಲದ ಫೈಬರ್ ಬಲೆ ಕೂರಿಸಿ. ಡಬ್ಬದ ಮೇಲೆ ಎಷ್ಟು ಚದರಡಿ ಎಂದಿದೆಯೋ ಅದಕ್ಕಿಂತ ಹೆಚ್ಚು ಎಳೆಯಬೇಡಿ; ನೀರು ಬೆರೆಸಿ ತೆಳು ಮಾಡಿ ಎಳೆದ ಲೇಪನ ಬರೀ ಬಣ್ಣ. ಅಕ್ರಿಲಿಕ್ ಲೇಪನ ಹರಿಯುವ ನೀರನ್ನು ತಡೆಯುತ್ತದೆ, ವಾರಗಟ್ಟಲೆ ನಿಂತ ನೀರನ್ನು ತಡೆಯಲಾರದು. ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಒಣಗಿಸುವ, ರಾತ್ರಿ ಮಂಚ ಎಳೆದಾಡುವ ಛತ್ತಿನ ಮೇಲೆ ಅದು ಸವೆಯುವುದೂ ಬೇಗ. ಅಂಥ ಛತ್ತಿಗೆ ಸಿಮೆಂಟಿನ ಲೇಪನವೇ ಲೇಸು.

ನೀರು ನಿಲ್ಲುವ ಛತ್ತಿಗೆ ಇಳಿಜಾರು ಕೊಡಲು ಮೇಲೊಂದು ಕಾಂಕ್ರೀಟ್ ಪದರ ಹಾಕಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಒಂದು ಚದರಡಿಯ ಮೇಲೆ ಒಂದಿಂಚು ದಪ್ಪದ ಕಾಂಕ್ರೀಟಿನ ತೂಕ ಸುಮಾರು ಐದೂವರೆ ಕೆಜಿ. 600 ಚದರಡಿಗೆ ಸರಾಸರಿ ಎರಡಿಂಚು ಹಾಕಿದರೆ ಆರು ಟನ್ನಿಗೂ ಹೆಚ್ಚು. ಅಷ್ಟನ್ನು ಹಳೆಯ ಛತ್ತಿನ ಮೇಲೆ ಹೇರುವ ಮುನ್ನ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಲೇಬೇಕು. ನೀರು ನಿಲ್ಲುವ ಗುಂಡಿಯಷ್ಟಕ್ಕೇ ಕಚ್ಚು ಹೊಡೆದು ಪಾಲಿಮರ್ ಗಾರೆ ತುಂಬಿ, ಪೈಪಿನ ಕಡೆಗೆ ನೂರಕ್ಕೆ ಒಂದರಂತೆ, ಎಂದರೆ ಹತ್ತಡಿಗೆ ಒಂದೂಕಾಲು ಇಂಚು ಇಳಿಸಿದರೆ ಎಷ್ಟೋ ಮನೆಗಳಿಗೆ ಸಾಕಾಗುತ್ತದೆ.

ಒಳಗಿನ ಸೂರಿನಲ್ಲಿ ಗಿಲಾವು ಉದುರಿ ಸರಳು ಕಾಣುತ್ತಿದ್ದರೆ ಅದರ ಮೇಲೆ ಹೊಸ ಗಿಲಾವು ಮೆತ್ತಬೇಡಿ. ತುಕ್ಕು ಉಬ್ಬಿಯೇ ಅದನ್ನು ಉದುರಿಸಿದ್ದು, ಮತ್ತೆ ಉದುರಿಸುತ್ತದೆ. ಸರಳಿನ ಹಿಂದೆ ಮುಕ್ಕಾಲು ಇಂಚಿನವರೆಗೆ ಕೆತ್ತಿ, ಹೊಳಪು ಬರುವವರೆಗೆ ಉಜ್ಜಿ, ಸತುವಿನ ಪ್ರೈಮರ್ ಬಳಿದು ಆಮೇಲೆ ಪಾಲಿಮರ್ ಗಾರೆ. ಸರಳು ಸವೆದು ಸೊರಗಿದ್ದರೆ, ಇಲ್ಲವೇ ತೊಲೆಯಲ್ಲಿ ಹೀಗಾಗಿದ್ದರೆ, ಅದು ಮನೆಯವರ ಕೈಕೆಲಸವಲ್ಲ.

ಈಗ ಮಣ್ಣಿನ ಮಾಳಿಗೆ. ಪಟ್ಟಣದವರು ಇದನ್ನು ಮರೆತಿದ್ದಾರೆ; ಆದರೆ ಕುಷ್ಟಗಿ, ಲಿಂಗಸುಗೂರು, ಮಸ್ಕಿ, ಸಂಡೂರು ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಜನ ಇದರಡಿಯಲ್ಲೇ ಮಲಗುತ್ತಾರೆ. ಜಡಿಮಳೆ ಹಿಡಿದ ವಾರ ಮಾಳಿಗೆ ಕುಸಿದು ಸತ್ತವರ ಸುದ್ದಿ ತಮ್ಮ ಪತ್ರಿಕೆಯಲ್ಲೇ ಬರುತ್ತದೆ. ಮಳೆಗೆ ಕುಸಿಯಿತು ಎಂದು ಬರೆಯುತ್ತೀರಿ. ಹೆಚ್ಚಿನ ಸಲ ಕುಸಿಯುವುದು ವರ್ಷಗಳಿಂದ ಪೇರಿಸಿಟ್ಟ ತೂಕಕ್ಕೆ. ಮಳೆ ಕೊನೆಯ ಭಾರ ಅಷ್ಟೆ.

ಲೆಕ್ಕ ನೋಡಿ. ಒಣ ಮಣ್ಣು ಒಂದು ಚದರಡಿಗೆ ಇಂಚಿಗೆ ಸುಮಾರು ನಾಲ್ಕು ಕೆಜಿ ತೂಗುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಒಂದಿಂಚು ಸವಳು ಮಣ್ಣು ಹಾಕುತ್ತ ಹೋದರೆ, ಹತ್ತು ವರ್ಷಕ್ಕೆ 300 ಚದರಡಿಯ ಪಡಸಾಲೆಯ ಮೇಲೆ ಹನ್ನೆರಡು ಟನ್ ಹೆಚ್ಚುವರಿ ಭಾರ. ಒದ್ದೆಯಾದಾಗ ಅದು ಇನ್ನೂ ಏರುತ್ತದೆ. ಅಜ್ಜನ ಕಾಲದ ಜಂತಿ ಇದಕ್ಕಾಗಿ ಕೂರಿಸಿದ್ದಲ್ಲ. ಅದರ ತುದಿ ಗೋಡೆಯೊಳಗೆ ಗೆದ್ದಲು ತಿಂದಿದ್ದರೆ ಹೊರಗೆ ಕಾಣುವುದೂ ಇಲ್ಲ.

ಸವಳು ಮಣ್ಣು ಹಾಕುವ ಹಿರಿಯರ ಪದ್ಧತಿ ಸರಿಯಾದದ್ದೇ. ಅದರಲ್ಲಿನ ಸೋಡಿಯಂ ಲವಣ ಒದ್ದೆಯಾದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ, ಆ ಕಣಗಳು ಸಂದುಗಳಿಗೆ ಹೊಕ್ಕು ನೀರಿನ ದಾರಿ ಮುಚ್ಚುತ್ತವೆ. ಮಳೆಗೆ ಲವಣ ತೊಳೆದುಹೋದಂತೆ ಮಣ್ಣಿನ ಈ ಗುಣ ಹೋಗುತ್ತದೆ, ಅದಕ್ಕೇ ವರ್ಷವರ್ಷ ಹೊಸ ಮಣ್ಣು ಬೇಕು. ತಪ್ಪುತ್ತಿರುವುದು ಹಳೆಯದನ್ನು ಕೆಳಗಿಳಿಸದೇ ಇರುವುದರಲ್ಲಿ. ಹಾಕುವಷ್ಟು ದಪ್ಪವನ್ನು ಮೊದಲು ಕೆರೆದು ತೆಗೆಯಿರಿ. ದಪ್ಪ ಎಷ್ಟಿದೆ ಎಂದು ತಿಳಿಯಲು ಮಾಳಿಗೆ ಅಗೆಯಬೇಕಿಲ್ಲ. ಗವಾಕ್ಷಿಯ (ಮಾಳಿಗೆಯ ಬೆಳಕಿಂಡಿ) ಬಾಯಿಯ ಪಕ್ಕ ಅಂಚಿನಲ್ಲಿ ಅಳೆದರೆ ಕಾಣುತ್ತದೆ. ಒಂಬತ್ತಿಂಚು ದಾಟಿದ್ದರೆ ಇಳಿಸಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಣಗಿದ ಕಾಲದಲ್ಲಿ, ಇಬ್ಬರೇ ಹತ್ತಿ, ಎರಡೂ ಬದಿಯಿಂದ ಸಮವಾಗಿ ಇಂಚಿಂಚು ತೆಗೆದು ಬುಟ್ಟಿಯಲ್ಲಿ ಕೂಡಲೇ ಕೆಳಗೆ ಇಳಿಸಬೇಕು. ನಡುವೆ ಗುಡ್ಡೆ ಹಾಕಿದರೆ ಆ ಗುಡ್ಡೆಯಡಿಯ ಜಂತಿಯೇ ಮುರಿಯುತ್ತದೆ. ಕೆಲಸ ನಡೆಯುವಾಗ ಕೆಳಗೆ ಮಕ್ಕಳು, ದನ ಯಾರೂ ಇರಬಾರದು.

ಜಂತಿ ಗೋಡೆಗೆ ಹೊಕ್ಕುವ ಕಡೆ ಚೂಪು ಸಲಾಕೆಯಿಂದ ಚುಚ್ಚಿ ನೋಡಿ. ಗಟ್ಟಿ ಕಟ್ಟಿಗೆಯಲ್ಲಿ ಮೊನೆ ಕೂಡ ಇಳಿಯುವುದಿಲ್ಲ. ಅರ್ಧ ಇಂಚು ಸಲೀಸಾಗಿ ಇಳಿದರೆ ಒಳಗೆ ಪೊಳ್ಳು. ಜಂತಿಯ ಎರಡೂ ತುದಿಗೆ ದಾರ ಬಿಗಿದು ನಡುವಿನ ತಗ್ಗನ್ನು ಅಳೆಯಿರಿ: ಹತ್ತಡಿಗೆ ಒಂದಿಂಚಿಗಿಂತ ಹೆಚ್ಚು ಬಾಗಿದ್ದರೆ ಕೆಳಗೆ ಒಂದು ಹಲಗೆ, ಮೇಲೆ ಒಂದು ಹಲಗೆ ಕೊಟ್ಟು ಕಂಬದ ಆಸರೆ ಕೂಡಲೇ ನಿಲ್ಲಿಸಿ, ಆಸರೆ ಆಗುವ ತನಕ ಆ ಅಂಕಣದಲ್ಲಿ ಮಲಗಬೇಡಿ. ಪ್ಲಾಸ್ಟಿಕ್ ಹಾಳೆ ಹಾಸುವುದಾದರೆ ಕಟ್ಟಿಗೆಯ ಮೇಲೆ ನೇರ ಹಾಸಬೇಡಿ, ಕಟ್ಟಿಗೆ ಬೆವರಿ ಕೊಳೆಯುತ್ತದೆ. ಮೊದಲ ಮಣ್ಣಿನ ಮೇಲೆ ಹಾಸಿ, ಎತ್ತರದ ಹಾಳೆ ತಗ್ಗಿನ ಹಾಳೆಯ ಮೇಲೆ ಒಂದಡಿ ಬರುವಂತೆ ಮಾಡಿ, ದೋಣಿಯವರೆಗೆ (ಮಾಳಿಗೆಯ ನೀರು ಹೊರಬೀಳುವ ಕೊಳವೆ) ಎಳೆದು, ಮೇಲೆ ಎರಡಿಂಚು ಮಣ್ಣು ಹೊದಿಸಿ. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಚಾಚಲಿ. ಮಾಳಿಗೆಯಿಂದ ಇಳಿಯುವ ಲವಣದ ನೀರು ಗೋಡೆಗೆ ಬಡಿದರೆ ಗೋಡೆ ತಿನ್ನುತ್ತದೆ. ಮಣ್ಣಿನ ಮಾಳಿಗೆಯ ಮೇಲೆ ಸಿಮೆಂಟ್ ಕಾಂಕ್ರೀಟ್ ಹಾಕುವುದು ಮಾತ್ರ ಬೇಡವೇ ಬೇಡ. ಎರಡಿಂಚು ಹಾಕಿದರೂ 300 ಚದರಡಿಗೆ ಮೂರು ಟನ್ನಿಗೂ ಹೆಚ್ಚು ಭಾರ, ಜೊತೆಗೆ ಒಮ್ಮೆ ಬಿರುಕಿನಿಂದ ಇಳಿದ ನೀರು ಮೇಲೆ ಆರಲು ದಾರಿಯಿಲ್ಲದೆ ಜಂತಿಯನ್ನು ಕೊಳೆಸುತ್ತದೆ.

ಸವಳಿನ ಇನ್ನೊಂದು ಮುಖ ಗೋಡೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯಲ್ಲಿ, ಬಲದಂಡೆ ಕಡೆಯ ಸಿರುಗುಪ್ಪದಲ್ಲಿ ಭತ್ತದ ಗದ್ದೆಗೆ ನೀರು ನಿಂತಂತೆ ನೆಲದಡಿಯ ನೀರು ಮೇಲೇರಿದೆ, ಲವಣವನ್ನೂ ತಂದಿದೆ. ಗೋಡೆ ಅದನ್ನು ಹೀರಿ ಎರಡು ಮೂರಡಿ ಎತ್ತರಕ್ಕೆ ಏರಿಸುತ್ತದೆ; ನೀರು ಆರುತ್ತದೆ, ಲವಣ ಹರಳುಗಟ್ಟಿ ಗಿಲಾವನ್ನು ಒಡೆಯುತ್ತದೆ. ಗೋಡೆಯ ಬಿಳಿ ಪುಡಿ ಲವಣವೋ ಸುಣ್ಣವೋ ಎಂದು ತಿಳಿಯಲು ಚಿಟಿಕೆ ಪುಡಿಯನ್ನು ಲೋಟದ ನೀರಿಗೆ ಹಾಕಿ. ಕರಗಿದರೆ ಲವಣ. ಕರಗದೆ ಉಳಿದು, ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದು ಸುಣ್ಣದ ಹೂವು, ಭಯವಿಲ್ಲ.

ಲವಣವಾದರೆ ಮೂಲ ಹುಡುಕಿ. ಎಲ್ಲವೂ ನೆಲದಿಂದಲೇ ಬರುವುದಿಲ್ಲ. ಕಿಟಕಿಯ ಕೆಳಗೆ ಮಾತ್ರ ಉಬ್ಬಿದ್ದರೆ ಏರ್ ಕೂಲರ್ ನೋಡಿ: ಬೋರ್ ನೀರು ತುಂಬಿದ ಕೂಲರ್ ಬೇಸಿಗೆಯುದ್ದಕ್ಕೂ ಗೋಡೆಗೆ ಜಿನುಗಿಸಿದರೆ ಅಷ್ಟು ಸಾಕು. ಸ್ಟ್ಯಾಂಡನ್ನು ಗೋಡೆಯಿಂದ ಮೂರಿಂಚು ದೂರ ಸರಿಸಿ, ಅಡಿಗೆ ತಗಡಿನ ತಟ್ಟೆ ಕೊಡಿ. ಬಚ್ಚಲ ಗೋಡೆಯ ಹಿಂಬದಿ ಉಬ್ಬಿದ್ದರೆ ನಳದ ಕೀಲು ಒಳಗೆ ಸೋರುತ್ತಿದೆ. ಹೊಸ ಮನೆಯ ಎಲ್ಲ ಗೋಡೆಗೂ ಒಟ್ಟಿಗೇ ಬಂದಿದ್ದರೆ ಗಾರೆಗೆ ಬೆರೆಸಿದ, ನೀರುಣಿಸಿದ ಬೋರ್ ನೀರಿನದೇ ತಪ್ಪು. ಭಾರತೀಯ ಮಾನಕದ ಪ್ರಕಾರ ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ದಾಟಬಾರದು. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಕಟ್ಟುವವರು ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಾಯಿಗೆ ಉಪ್ಪೆನಿಸುವ ನೀರು ಗೋಡೆಗೂ ಬೇಡ.

ದುರಸ್ತಿಯ ವಿಷಯ ನಿಧಾನವಾಗಿ ಓದಿ. ಲವಣವನ್ನು ನೀರಿನಿಂದ ತೊಳೆಯಬೇಡಿ, ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಬಿದ್ದ ಪುಡಿಯನ್ನು ಹಾಳೆಯ ಮೇಲೆ ಹಿಡಿದು ದೂರ ಎಸೆಯಿರಿ. ತೇವದ ಗುರುತಿಗಿಂತ ಒಂದೂವರೆ ಅಡಿ ಮೇಲಿನವರೆಗೆ ಗಿಲಾವು ಕಿತ್ತು, ಸಂದುಗಳನ್ನು ಅರ್ಧ ಇಂಚು ಕೆರೆದು, ಒಂದು ಬೇಸಿಗೆ ತೆರೆದಿಟ್ಟರೆ ಒಳ್ಳೆಯದು. ಆಗದಿದ್ದರೆ ಒಂದು ತಿಂಗಳಾದರೂ ಬಿಡಿ. ಓದಿ ಮುಗಿದ ಪತ್ರಿಕೆಯನ್ನು ಶುದ್ಧ ನೀರಿನ ಘಟಕದ ನೀರಿನಲ್ಲಿ ನೆನೆಹಾಕಿ ಕಲಸಿದ ಮುದ್ದೆಯನ್ನು ಅರ್ಧ ಇಂಚು ದಪ್ಪಕ್ಕೆ ಗೋಡೆಗೆ ಮೆತ್ತಿ. ಆರುತ್ತ ಆರುತ್ತ ಅದು ಲವಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ವಾರ ಹತ್ತು ದಿನಕ್ಕೆ ಗೋಡೆ ಬಿಟ್ಟು ಬರುತ್ತದೆ. ಹೀಗೆ ಎರಡು ಮೂರು ಸಲ ಮಾಡಿದರೆ ಕಣ್ಣಿಗೇ ಫರಕು ಗೊತ್ತಾಗುತ್ತದೆ.

ಆಮೇಲೆ ಸಿಮೆಂಟ್ ಗಿಲಾವು, ಪುಟ್ಟಿ, ಎಮಲ್ಷನ್ ಬೇಡ. ಅವು ಗೋಡೆಯ ಬಾಯಿ ಮುಚ್ಚುತ್ತವೆ, ತೇವ ಅವುಗಳನ್ನು ದಾಟಿ ಇನ್ನೂ ಮೇಲೆ ಏರುತ್ತದೆ. ಮೂರಡಿಗಿದ್ದದ್ದು ಟೈಲ್ಸ್ ಹಚ್ಚಿದ ಮೇಲೆ ಐದಡಿಗೆ ಏರಿದ ಮನೆಗಳು ಎಲ್ಲ ಊರಲ್ಲೂ ಇವೆ. ಸುಣ್ಣದ ಗಾರೆಯೇ ಸರಿ: ನೆನೆದ ಸುಣ್ಣ ಒಂದು ಪಾಲು, ತೊಳೆದ ಉಸುಕು ಮೂರು ಪಾಲು, ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ, ಏಳು ದಿನ ಬಿಸಿಲು ಬೀಳದಂತೆ ಗೋಣಿತಾಟು ಕಟ್ಟಿ ತೇವ ಚಿಮುಕಿಸಿ. ಹರಳು ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತದೆ; ಸುಣ್ಣಕ್ಕೆ ನೀರು ಸುರಿಯದೆ ನೀರಿಗೆ ಸುಣ್ಣ ಹಾಕಿ, ಕನ್ನಡಕ ಧರಿಸಿ, ಪ್ಲಾಸ್ಟಿಕ್ ಬಕೆಟ್ ಬಿಟ್ಟು ಕಬ್ಬಿಣದ ಡ್ರಮ್ಮು ಬಳಸಿ. ಮೇಲೆ ಬಳಿಯುವ ಸುಣ್ಣಕ್ಕೆ ಕೆಜಿಗೆ ಐದು ಲೀಟರ್ ನೀರು, ತೆಳ್ಳಗೆ ಮೂರು ಕೈ. ಸುಣ್ಣ ಪುಡಿ ಉದುರುತ್ತದೆ, ಎರಡು ವರ್ಷಕ್ಕೊಮ್ಮೆ ಬಳಿಯಬೇಕು ಎಂಬುದು ನಿಜ. ಅದರ ಖರ್ಚು ಪುಟ್ಟಿಯ ಒಂದು ಚೀಲಕ್ಕಿಂತ ಕಡಿಮೆ.

ಎರೆ ನೆಲದ ಮನೆಗಳ ಬಿರುಕಿಗೆ ಇನ್ನೊಂದು ಮಾತು. ಎರೆ ಮಣ್ಣು ಬೇಸಿಗೆಗೆ ಕುಗ್ಗಿ ಮಳೆಗೆ ಉಬ್ಬುತ್ತದೆ, ಪಾಯವನ್ನೂ ಜೊತೆಗೆ ಏರಿಳಿಸುತ್ತದೆ. ಮೇ ತಿಂಗಳಲ್ಲಿ ಅಗಲವಾಗಿ ಬಾಯಿಬಿಟ್ಟ ಬಿರುಕಿಗೆ ಸಿಮೆಂಟು ತುಂಬಿದರೆ, ಮಳೆಗೆ ಅದು ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದ ಗಿಲಾವು ಸೀಳುತ್ತದೆ. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗುರುತು ಮಾಡಿ ಮೇಯಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಅಳತೆ ಬರೆದಿಡಿ. ಹಿಗ್ಗಿ ಕುಗ್ಗುತ್ತಿದ್ದರೆ ಸೀಲಂಟ್. ಒಂದೇ ಸಮ ಬೆಳೆಯುತ್ತಿದ್ದರೆ, ಐದು ಮಿಲಿಮೀಟರ್ ದಾಟಿದ್ದರೆ, ಬಾಗಿಲು ಹಿಡಿಯತೊಡಗಿದರೆ ಎಂಜಿನಿಯರ್.

ಬಿರುಕಿಗಿಂತ ಅದರ ಕಾರಣಕ್ಕೆ ಖರ್ಚು ಮಾಡುವುದು ಜಾಣತನ. ಪಾಯದ ಸುತ್ತಲಿನ ಮಣ್ಣಿನ ತೇವ ಏರುಪೇರಾಗದಂತೆ ಮನೆಯ ಸುತ್ತ ಮೂರಡಿ ಅಗಲದ ಕಟ್ಟೆ ಹಾಕಿ. ಒಂದಡಿ ಎರೆ ಮಣ್ಣು ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ, ಮೇಲೆ ಮೂರಿಂಚು 1:4:8 ಕಾಂಕ್ರೀಟು, ಹೊರಕ್ಕೆ ಎರಡಿಂಚು ಇಳಿಜಾರು. 30×20ರ ಮನೆಗೆ ಸುಮಾರು ಎಂಟು ಚೀಲ ಸಿಮೆಂಟು ಬೀಳುತ್ತದೆ. ಐದಾರು ಅಡಿಗೊಂದು ಸಂದು ಬಿಡಿ. ಗೋಡೆಗೆ ಕೂಡುವ ಸಂದಿಗೆ ಡಾಂಬರು ತುಂಬಿ. ಬಚ್ಚಲ ನೀರನ್ನು ಪಾಯದ ಪಕ್ಕ ಇಂಗಿಸಬೇಡಿ, ಎರೆ ಮಣ್ಣಿನಲ್ಲಿ ಅದು ಇಂಗುವುದೂ ಇಲ್ಲ; ಪೈಪು ಹಾಕಿ ಚರಂಡಿಗೆ ಬಿಡಿ. ಗೋಡೆಗೆ ಹತ್ತಿದ ದೊಡ್ಡ ಬೇವಿನ ಮರವನ್ನು ಒಮ್ಮೆಲೇ ಕಡಿದುಹಾಕಬೇಡಿ. ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿದು ನೆಲ ಉಬ್ಬುತ್ತದೆ, ಮೊದಲಿಲ್ಲದ ಬಿರುಕು ಬರುತ್ತದೆ. ಎರಡು ಮೂರು ವರ್ಷಗಳಲ್ಲಿ ಕೊಂಬೆ ಸವರುತ್ತ ಬನ್ನಿ.

ಸಣ್ಣವು ಎರಡು. ನಳಕ್ಕೆ, ಶವರ್‌ಗೆ ಕಟ್ಟಿದ ಬಿಳಿ ಕರೆಗೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ತಾಸು ನೆನೆಸಿದರೆ ಸಾಕು. ಬಾಟಲಿಯ ಆಸಿಡ್ ಅನ್ನು ಶಹಾಬಾದ್ ಫರಸಿಯ ಮೇಲೆ ಸುರಿಯಬೇಡಿ. ಅದು ಸುಣ್ಣಕಲ್ಲು, ಆಸಿಡ್‌ಗೆ ಕರಗಿ ಒರಟಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ಎರಡನೆಯದು ಕರೆಂಟು: ತೇವ ಹಿಡಿದ ಗೋಡೆಯಲ್ಲಿ ಉಳಿ ಇಡುವ ಮುನ್ನ ಮೇನ್ ಸ್ವಿಚ್ ಬಂದ್ ಮಾಡಿ, ಟೆಸ್ಟರ್ ಹಿಡಿದು ನೋಡಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿದುಬಿಡುವ ಸ್ವಿಚ್) ಇಲ್ಲದ ಮನೆಗಳಲ್ಲಿ ಬಣ್ಣಕ್ಕಿಂತ ಮೊದಲು ಅದನ್ನು ಹಾಕಿಸಿಕೊಳ್ಳಿ.

ಮನೆಯವರ ಕೈಮೀರಿದ್ದು ಒಂದಿದೆ. ಊರೂರಲ್ಲಿ ಹಳೆ ಸಿಸಿ ರಸ್ತೆ ಕೀಳದೆ ಅದರ ಮೇಲೆಯೇ ಹೊಸದು ಹಾಕುತ್ತಾರೆ. ಪ್ರತಿ ಸಲ ರಸ್ತೆ ನಾಲ್ಕಾರು ಇಂಚು ಏರುತ್ತದೆ, ಎರಡು ಸಲಕ್ಕೆ ಮನೆಯ ನೆಲ ತಗ್ಗಾಗುತ್ತದೆ. ಪಾಯದ ಮೇಲೆ ತೇವ ತಡೆಯಲು ಹಾಕಿದ ಪಟ್ಟಿ ಹೊರಗಿನ ನೆಲಕ್ಕಿಂತ ಆರಿಂಚು ಮೇಲೆ ಇರಬೇಕು. ಅದು ರಸ್ತೆಯಡಿ ಹೂತುಹೋದ ಮೇಲೆ ಮೇಲೆ ಹೇಳಿದ ಯಾವ ದುರಸ್ತಿಯೂ ಗೋಡೆ ಉಳಿಸದು. ಆದ್ದರಿಂದ ನಮ್ಮ ಕೋರಿಕೆ ಎರಡು. ಪಟ್ಟಣದ ಆಡಳಿತಗಳು ರಸ್ತೆಯ ಅಂದಾಜು ಪಟ್ಟಿಯಲ್ಲೇ ಹಳೆ ಪದರ ಕಿತ್ತು ಮೊದಲಿನ ಮಟ್ಟಕ್ಕೆ ಹೊಸದು ಹಾಕುವ ಖರ್ಚನ್ನು ಸೇರಿಸಬೇಕು. ನಿವಾಸಿಗಳು ಕೆಲಸ ಶುರುವಾಗುವ ಮುನ್ನವೇ ತಮ್ಮ ಹೊಸ್ತಿಲಿಗೂ ರಸ್ತೆಗೂ ಇರುವ ಎತ್ತರ ಅಳೆದು, ಫೋಟೊ ತೆಗೆದು, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಕಾಂಕ್ರೀಟು ಸುರಿದ ಮೇಲೆ ಕೊಟ್ಟ ಅರ್ಜಿಯಿಂದ ರಸ್ತೆ ಇಳಿಯುವುದಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಗೌಂಡಿ ಮತ್ತು ಮನೆ ದುರಸ್ತಿ ಕೆಲಸದವರು,
ಸಿಂಧನೂರು, ರಾಯಚೂರು ಜಿಲ್ಲೆ